ಐದನೇ ಕಲ್ಲಿನಲ್ಲಿ ಬಿಡದ ಕೈ

ಹೊಸ ಬೂಟು ಹಾಕಿಕೊಂಡು ಯಾರೂ ದೂರ ಓಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಓಟಕ್ಕೆ ಎಂಟು ದಿನ ಇದೆ ಎನ್ನುವಾಗ ಚಿತ್ರದುರ್ಗದ ಬಸ್ಸು ಹತ್ತಿ ಹೋಗಿ, ಅಂಗಡಿಯವನ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡಿ, ಬಿಳಿ ಕ್ಯಾನ್ವಾಸ್ ಬೂಟು ತಂದಿದ್ದೆ. ಅಗ್ಗಕ್ಕೆ ಬರುತ್ತದೆಂದು ಒಂದು ಅಳತೆ ಚಿಕ್ಕದನ್ನೇ ತಂದಿದ್ದೆ. "ಹಾಕ್ತಾ ಹಾಕ್ತಾ ಸಡಿಲ ಆಗ್ತಾವೆ ಬಿಡ್ರಿ" ಅಂದ ಅಂಗಡಿಯವನು. ಅಂಥ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ, ಆದರೂ ನಂಬಿದೆ. ಇರಲಿ. ನಾನು ಹೇಳಬೇಕೆಂದಿರುವುದರಲ್ಲಿ ಬೂಟಿನದು ಸಣ್ಣ ತಪ್ಪು. ದೊಡ್ಡದನ್ನು ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವನು. ಹದಿನಾಲ್ಕನೇ ವಯಸ್ಸಿಗೆ ಸ್ಕೂಲು ಬಿಟ್ಟು, ಸಂತೆಯಲ್ಲಿ ಬೇರೆಯವರ ಕುರಿಯ ಕೊರಳು ಹಿಡಿದು ನಿಲ್ಲುವ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಹಿರಿಯೂರಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಸ್ವಂತ ಕುರಿ ದಲ್ಲಾಳಿಯಾಗಿದ್ದೆ. ನನಗೆ ಓಟ ಬಂದದ್ದೂ ವ್ಯಾಪಾರದಿಂದಲೇ. ಬೇರೆ ದಲ್ಲಾಳಿಗಳು ಸಂತೆ ಮೈದಾನದಲ್ಲಿ ಬೀಡಿ ಸೇದುತ್ತಾ ಕಾಯುತ್ತಿದ್ದರೆ, ನಾನು ಬೆಳಗಿನ ಜಾವಕ್ಕೇ ಎದ್ದು ಕುರಿ ಬರುವ ದಾರಿಗೆ ಎದುರಾಗಿ ನಾಲ್ಕೈದು ಮೈಲಿ ಓಡಿ, ಹಿಂಡು ಊರು ಸೇರುವ ಮೊದಲೇ ಒಳ್ಳೇ ಕುರಿಗೆ ಕೈ ಹಾಕಿಬಿಡುತ್ತಿದ್ದೆ. "ಲೇ, ಇವನು ದಲ್ಲಾಳಿಯೋ ಟಪಾಲಿನವನೋ" ಅಂತ ನಗುತ್ತಿದ್ದರು. ನಗಲಿ ಅಂತ ನಾನೂ ಓಡುತ್ತಿದ್ದೆ.

ಕುರಿ ವ್ಯಾಪಾರದಲ್ಲಿ ಆಗ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವ ದಲ್ಲಾಳಿಯೂ ಮಾರುವ ಕುರಿಗಾರನೂ ಎದುರುಬದುರು ನಿಂತು ಕೈಗಳ ಮೇಲೆ ಟವೆಲ್ ಹಾಕಿಕೊಳ್ಳಬೇಕು. ಅದರಡಿಯಲ್ಲಿ ಬೆರಳು ಹಿಡಿದೇ ಮಾತುಕತೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಇದಕ್ಕೊಂದು ಕಟ್ಟುಪಾಡಿತ್ತು. ಒಂದು ಸಲ ಕೈ ಅದುಮಿದ ಮೇಲೆ, ಹಿಡಿದ ದಲ್ಲಾಳಿ "ಬಿಟ್ಟೆ" ಎಂದು ಬಾಯಿಬಿಟ್ಟು ಹೇಳುವ ತನಕ ಕುರಿಯವನು ಆ ಕುರಿಯನ್ನು ಇನ್ನೊಬ್ಬನಿಗೆ ತೋರಿಸುವಂತಿಲ್ಲ. ಪಕ್ಕದವನು ಹೆಚ್ಚಿಗೆ ಕೊಡುತ್ತೇನೆಂದು ಕೂಗಿದರೂ "ಕೈ ಆಗೈತೆ" ಎಂದು ತಲೆ ಅಲ್ಲಾಡಿಸಬೇಕು, ಅಷ್ಟೆ. ಈ ಕಟ್ಟುಪಾಡನ್ನು ನಾನು ಚೆನ್ನಾಗಿ ಬಳಸಿಕೊಂಡೆ. "ಬಿಟ್ಟೆ" ಅನ್ನದೆ, "ಇನ್ನೊಂದು ಚೂರು ತಡಿ" ಅನ್ನುತ್ತಾ ಬಿಸಿಲು ನೆತ್ತಿಗೆ ಬರುವ ತನಕ ನಿಂತರೆ ಎಂಥ ಗಟ್ಟಿ ಕುರಿಗಾರನೂ ದಣಿದು ದಾರಿಗೆ ಬರುತ್ತಿದ್ದ. ನನ್ನ ಕಸುಬಿನ ಅರ್ಧ ಜಾಣತನ ಇದ್ದದ್ದು ಇದರಲ್ಲೇ.

ನನ್ನ ಗೆಳೆಯ ಹರಿಯಬ್ಬೆಯ ಕಡೆಯ ಕುರಿಗಾರ, ಹಿಂಡಿನ ಜೊತೆ ವರ್ಷವಿಡೀ ಊರೂರು ತಿರುಗುವವನು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನನ್ನು ನಾನು ಮೊದಲು ಗಮನಿಸಿದ್ದು ಒಂದು ಸಂತೆಯ ದಿನ. ಅವನ ಟಗರೊಂದು ಹಗ್ಗ ಕಿತ್ತುಕೊಂಡು ಬಸ್ ಸ್ಟ್ಯಾಂಡ್ ದಾಟಿ ಹೊಳೆಯ ಕಡೆ ಓಡಿತು. ಇವನು ಕಂಬಳಿಯನ್ನು ನನ್ನ ಹೆಗಲಿಗೆ ಎಸೆದು ಅದರ ಹಿಂದೆ ಹೋದ. ನನಗೂ ಅವನಿಗೂ ಅಲ್ಲಿಯವರೆಗೆ ಪರಿಚಯವೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಟಗರನ್ನು ಹೆಗಲ ಮೇಲೆ ಹೊತ್ತುಕೊಂಡು ಓಡುತ್ತಲೇ ವಾಪಸ್ ಬಂದ. ಏದುಸಿರು ಬಿಡುತ್ತಿದ್ದದ್ದು ಟಗರು, ಅವನಲ್ಲ.

"ಏನಪ್ಪ, ಕಂಬಳಿ ಮಾರ್ಕೊಂಡಿಲ್ಲ ತಾನೆ?" ಅಂದ.

"ಯಾರೂ ಕೊಳ್ಳಲಿಲ್ಲ ಕಣೋ, ವಾಸನೆ" ಅಂದೆ. ಅಲ್ಲಿಂದ ಸ್ನೇಹವಾಯಿತು. ಅವನ ಕುರಿಗಳಿಗೆ ನಾನೇ ದಲ್ಲಾಳಿಯಾದೆ. ಅವನ ಹೆಂಡತಿ ನನ್ನನ್ನು ಅಣ್ಣ ಅನ್ನುತ್ತಿದ್ದಳು.

ಆ ವರ್ಷ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮತ್ತು ಊರಿನ ಕೆಲವು ಯುವಕರು ಸೇರಿ, ಮಾರಿಕಣಿವೆ ಅಣೆಕಟ್ಟಿನ ಕೆಳಗಿನಿಂದ ಹಿರಿಯೂರಿನವರೆಗೆ ಒಂದು ಓಟ ಇಟ್ಟರು. ರಸ್ತೆ ಮುಗಿದ ಮೇಲೆ ಅಳತೆ ಸರಿಹೋಗಲೆಂದು ಊರಿಗೊಂದು ಸುತ್ತು, ಆಮೇಲೆ ಹೈಸ್ಕೂಲ್ ಮೈದಾನ. ಒಟ್ಟು ಹದಿಮೂರು ಮೈಲಿ. ಮೇಷ್ಟ್ರು ಅದನ್ನು ಅರ್ಧ ಮ್ಯಾರಥಾನ್ ಅಂದರು. "ಪೂರ್ತಿ ಓಡೋ ಗಂಡಸರು ಈ ಊರಲ್ಲಿ ಇಲ್ಲ ಅಂತ ಮೇಷ್ಟ್ರಿಗೆ ಗೊತ್ತೈತೆ" ಅಂತ ಟೀ ಅಂಗಡಿಯಲ್ಲಿ ಕಾಲೆಳೆದರು. ಮೊದಲು ಬಂದವನಿಗೆ ಬೆಳ್ಳಿ ಬಣ್ಣದ ಒಂದು ಕಪ್. ಹತ್ತರೊಳಗೆ ಬಂದವರನ್ನು ವೇದಿಕೆಗೆ ಕರೆದು ಹಾರ ಹಾಕುವುದು ಎಂದು ಗೊತ್ತಾಗಿತ್ತು.

ಇದಕ್ಕೆ ಇನ್ನೊಂದು ಸೇರಿಕೊಂಡಿತು. ಓಟದ ಮುಖ್ಯ ಅತಿಥಿಯಾಗಿ ಬರಲು ಒಪ್ಪಿದ್ದ ನಾಲೆ ನೋಡಿಕೊಳ್ಳುವ ಇಂಜಿನಿಯರ್ ಸಾಹೇಬರು, ಮೊದಲು ಬಂದವನಿಗೆ ನೀರುಗಂಟಿ ಕೆಲಸ ಕೊಡಿಸುತ್ತೇನೆ ಎಂದುಬಿಟ್ಟರು. ನಾಲೆಯ ಏರಿಯ ಮೇಲೆ ದಿನಾ ತಿರುಗಿ, ತೂಬು ನೋಡಿ, ಎಲ್ಲಾದರೂ ಏರಿ ಒಡೆದರೆ ಓಡಿ ಬಂದು ಸುದ್ದಿ ಮುಟ್ಟಿಸುವ ಕೆಲಸ. "ಅಲ್ಲೇನು ಫೋನ್ ಐತೇನ್ರಿ? ನನಗೆ ಓದಿದೋನು ಬ್ಯಾಡ, ಓಡೋನು ಬೇಕು" ಅಂದರಂತೆ. ಕೆಲಸದ ಜೊತೆಗೆ ನಾಲೆಯ ಪಕ್ಕ ಒಂದು ಮನೆ. ಒಂದೇ ಕೋಣೆ, ಹೆಂಚಿನ ಮಾಡು.

ಈ ಸುದ್ದಿಯನ್ನು ಗೆಳೆಯನಿಗೆ ಮುಟ್ಟಿಸಿದವನು ನಾನೇ. ಆಗ ಅವನ ಹಿಂಡು ಊರ ಹೊರಗಿನ ಒಂದು ಹೊಲದಲ್ಲಿ ರಾತ್ರಿ ತಂಗಲು ಮಂದೆ ಬಿದ್ದಿತ್ತು. ಹೆಂಡತಿ ಮೂರು ಕಲ್ಲಿಟ್ಟು ಮುದ್ದೆಗೆ ಎಸರಿಟ್ಟಿದ್ದಳು. ಬಸುರಿ, ನಾಲ್ಕೋ ಐದೋ ತಿಂಗಳು. ಹಿಂದಿನ ವರ್ಷ ಅವರದೊಂದು ಕೂಸು ದಾರಿಯಲ್ಲೇ ಹುಟ್ಟಿ, ಮುಂದಿನ ಊರು ಸಿಗುವುದರೊಳಗೆ ದಾರಿಯಲ್ಲೇ ಹೋಗಿತ್ತು. ಅದರ ಮಾತು ಅವರಿಬ್ಬರೂ ಆಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಮನೆಯ ವಿಷಯ ಕೇಳಿ ಅವನು ಒಲೆಗೆ ಇನ್ನೊಂದು ಕಡ್ಡಿ ಇಟ್ಟ. ಅವಳೇ ಕೇಳಿದಳು: "ಗ್ವಾಡೆ ಐತೇನಣ್ಣ ಆ ಮನೆಗೆ?"

"ಗೋಡೆ ಇಲ್ಲದ ಮನೆ ಇರ್ತದೇನಮ್ಮ?"

"ಅಲ್ಲ, ಗ್ವಾಡೆ ಒತ್ತಿಗೆ ಒಲೆ ಹೂಡಾಕೆ ಬತ್ತೈತಾ ಅಂತ. ಮಣ್ಣಿನ ಒಲೆ. ಹೂಡಿದ್ದು ಹೂಡಿದ ಜಾಗದಾಗೇ ಇರ್ಬೇಕು." ಆಮೇಲೆ ಗಂಡನ ಕಡೆ ನೋಡದೆ ನನಗೆ ಹೇಳಿದಳು: "ಇವರಿಗೆ ಓಡಾಕೆ ಬತ್ತೈತೆ ಕಣಣ್ಣ, ಗೆಲ್ಲಾಕೆ ಬರಲ್ಲ. ನೀವು ಜೊತೆಗಿದ್ದು ಗೆಲ್ಲಿಸ್ಕೊಂಡು ಬರ್ರಿ."

ಅವಳು ಹೇಳಿದ್ದು ಸರಿಯಾಗಿತ್ತು. ಕುರಿ ಕಾಯುವವನ ಓಟ ಬೇರೆ. ಚೆದುರಿದ ಕುರಿಯ ಹಿಂದೆ ಬಾಣದ ಹಾಗೆ ಹೋಗುತ್ತಾನೆ, ತಿರುಗಿಸಿದ ಮೇಲೆ ನಿಲ್ಲುತ್ತಾನೆ, ಮತ್ತೆ ಓಡುತ್ತಾನೆ. ಒಂದೇ ಸಮನೆ ಓಡುವುದು ಅವನ ಕಾಲಿಗೆ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಇಬ್ಬರೂ ಓಡಿ ನೋಡಿದೆವು. ಒಂದು ಮೈಲಿ ನನ್ನನ್ನು ಬಿಟ್ಟು ಮಾಯವಾದ. ಮೂರನೇ ಮೈಲಿಯಲ್ಲಿ ನೋಡಿದರೆ ಜಾಲಿ ಮರದ ಕೆಳಗೆ ಕುಂತು ಬೀಡಿ ಹಚ್ಚಿದ್ದ.

"ಇದೇನೋ?"

"ನೀ ಬರ್ಲಿ ಅಂತ ಕಾಯ್ತಿದ್ದೆ ಕಣಪ್ಪ" ಅಂದ. ಎದೆ ಹೊಡೆದುಕೊಳ್ಳುತ್ತಿದ್ದದ್ದು ಅಂಗಿಯ ಮೇಲೇ ಕಾಣುತ್ತಿತ್ತು.

ನನ್ನ ಹತ್ತಿರ ಕೈಗಡಿಯಾರವಿತ್ತು, ಲೆಕ್ಕಾಚಾರದ ತಲೆಯಿತ್ತು. ಎಷ್ಟು ನಿಮಿಷಕ್ಕೆ ಒಂದು ಮೈಲಿಗಲ್ಲು ದಾಟಿದರೆ ಕೊನೆಯವರೆಗೆ ಉಸಿರು ಉಳಿಯುತ್ತದೆ ಎಂದು ನಾಲ್ಕು ದಿನ ಅಳೆದು ನೋಡಿದೆ. ನಾನು ಹೇಳಿದ ವೇಗದಲ್ಲಿ ನನ್ನ ಭುಜಕ್ಕೆ ಭುಜ ಕೊಟ್ಟು ಓಡಿದ ದಿನ ಅವನು ಪೂರ್ತಿ ದೂರ ಓಡಿದ, ಬೀಡಿಯನ್ನೂ ಕೇಳಲಿಲ್ಲ. ಆದರೆ ಮನಸ್ಸು ತಡೆಯುತ್ತಿರಲಿಲ್ಲ ಅವನಿಗೆ. ಯಾರಾದರೂ ಸೈಕಲ್ಲಿನವನು ಪಕ್ಕದಲ್ಲಿ ಹೋದರೆ ಸಾಕು, ಕಾಲು ಕಿತ್ತುಬಿಡುತ್ತಿದ್ದ. ಅದಕ್ಕೇ ಒಂದು ದಿನ ಏರಿಯ ಮೇಲೆ ನಿಲ್ಲಿಸಿ ಹೆಗಲ ಟವೆಲ್ ತೆಗೆದೆ.

"ಇದ್ಯಾಕೋ? ಕುರಿ ಎಲ್ಲೈತೆ?" ಅಂದ.

"ನೀನೇ ಕುರಿ. ಕೈ ತಾ."

ನಗುತ್ತಾ ಕೈ ಚಾಚಿದ. ಟವೆಲ್ ಹಾಕಿ ಅವನ ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದು ಹೇಳಿದೆ: "ಓಟದ ದಿನ ನಾನು ‘ಬಿಟ್ಟೆ’ ಅನ್ನೋವರೆಗೂ ನೀನು ನನ್ನ ಮುಂದೆ ಒಂದು ಹೆಜ್ಜೆ ಹೋಗಬಾರದು. ರಸ್ತೇಲಿ ‘ಹಿರಿಯೂರು 5’ ಅಂತ ಮೈಲಿಗಲ್ಲು ಬರ್ತದಲ್ಲ, ಅಲ್ಲಿ ಬಿಡ್ತೀನಿ. ಆಮೇಲೆ ನೀನುಂಟು ನಿನ್ನ ಕಾಲುಂಟು."

ಅವನ ನಗು ನಿಂತಿತು. ವ್ಯಾಪಾರದಲ್ಲಿ ಹೇಗೋ ಹಾಗೆ ನನ್ನ ಕೈಯನ್ನು ಒಂದು ಸಲ ಬಲವಾಗಿ ಅದುಮಿದ. "ಕೈ ಆಗೈತೆ" ಅಂದ.

ಈ ಒಪ್ಪಂದ ಅವನ ಒಳ್ಳೆಯದಕ್ಕೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೇನಲ್ಲ. ಆದರೆ ಐದನೇ ಕಲ್ಲಿನವರೆಗೆ ಮಾತ್ರ ನಿಜ. ನನ್ನ ಮನಸ್ಸಿನಲ್ಲಿ ಇನ್ನೂ ಒಂದು ಇತ್ತು. ವೇದಿಕೆಯ ಮೇಲೆ ಮಾರುಕಟ್ಟೆಯ ದೊಡ್ಡವರೆಲ್ಲ ಕೂರುವವರಿದ್ದರು. ಹತ್ತರೊಳಗೆ ಬಂದು ಅವರ ಕೈಯಿಂದ ಹಾರ ಹಾಕಿಸಿಕೊಂಡರೆ, ಆಮೇಲೆ ಒಂದು ಅಂಗಡಿ ಜಾಗ ಕೇಳುವಾಗ ನನ್ನ ಮುಖ ಅವರಿಗೆ ನೆನಪಿರುತ್ತದೆ ಎಂದು ಎಣಿಸಿದ್ದೆ. ನಾನೊಬ್ಬನೇ ಓಡಿದರೆ ಹತ್ತರೊಳಗೆ ಬರುವುದು ಕಷ್ಟ ಎನ್ನುವುದು ಆ ನಾಲ್ಕು ದಿನಗಳಲ್ಲೇ ತಿಳಿದಿತ್ತು. ಅವನು ಪಕ್ಕದಲ್ಲಿದ್ದಾಗ ನನ್ನ ಕಾಲು ತಾನಾಗಿ ಎದ್ದೇಳುತ್ತಿತ್ತು.

ಓಟ ನಡೆದದ್ದು ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ. ಬೆಳಿಗ್ಗೆ ಲಾರಿಯಲ್ಲಿ ನಮ್ಮನ್ನೆಲ್ಲ ಅಣೆಕಟ್ಟಿನ ಹತ್ತಿರ ತಂದು ಇಳಿಸಿದರು. ಮೂವತ್ತು ನಲವತ್ತು ಜನ ಇದ್ದಿರಬೇಕು. ಕಾಲೇಜು ಹುಡುಗರು ಚಡ್ಡಿ ಬನಿಯನ್ನಿನಲ್ಲಿ ಹಾರಾಡುತ್ತಿದ್ದರು. ಗೆಳೆಯ ಪಂಚೆಯನ್ನು ಕಚ್ಚೆ ಹಾಕಿ ಬಿಗಿದು, ಬರಿಗಾಲಲ್ಲಿ ನಿಂತಿದ್ದ. ನಾನು ಹೊಸ ಬೂಟಿನ ದಾರ ಕಟ್ಟುತ್ತಾ, ನನ್ನ ಅಭ್ಯಾಸದಂತೆ ಒಬ್ಬೊಬ್ಬರನ್ನೂ ಕುರಿ ನೋಡಿದ ಹಾಗೆ ಬೆನ್ನು, ಎದೆ, ಕಾಲು ನೋಡಿ ತೂಗುತ್ತಿದ್ದೆ. ಹೊಸದುರ್ಗದಿಂದ ಬಂದಿದ್ದ ಒಬ್ಬ ಇದ್ದ. ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವವನಂತೆ. ಕುಳ್ಳ, ಎದೆ ಸಣ್ಣದು, ಕಾಲು ಸ್ವಲ್ಪ ಬಾಗಿದ್ದವು.

"ಅವನನ್ನ ನೋಡು" ಎಂದು ಗೆಳೆಯ ಮೆಲ್ಲಗೆ ಅಂದ.

"ಅದು ಅರ್ಧ ದಾರಿ ಮಾಲು" ಅಂದೆ. ಕುರಿಯ ವಿಷಯದಲ್ಲಿ ನನ್ನ ಅಂದಾಜು ತಪ್ಪುತ್ತಿದ್ದದ್ದು ಕಡಿಮೆ.

ಮೊದಲ ಅರ್ಧ ನಾನು ಹೇಳಿದಂತೆಯೇ ನಡೆಯಿತು. ಕಾಲೇಜು ಹುಡುಗರು ಮೊದಲು ನುಗ್ಗಿದರು, ಆಮೇಲೆ ಒಬ್ಬೊಬ್ಬರೇ ಸೊಂಟ ಹಿಡಿದು ರಸ್ತೆಯ ಪಕ್ಕಕ್ಕೆ ಸರಿದರು. ಹಿಂದೆ ಬರುತ್ತಿದ್ದ ಲಾರಿ ಅವರನ್ನು ಹತ್ತಿಸಿಕೊಳ್ಳುತ್ತಿತ್ತು. ನಾವು ಒಬ್ಬೊಬ್ಬರನ್ನು ದಾಟುವಾಗಲೂ ಗೆಳೆಯನ ಕಾಲು ಕಾತರಿಸುವುದು ನನಗೆ ಗೊತ್ತಾಗುತ್ತಿತ್ತು. "ಕೈ ಆಗೈತೆ" ಎಂದು ನಾನು ನೆನಪಿಸುತ್ತಿದ್ದೆ. "ಗೊತ್ತೈತೆ ಬಿಡಪ್ಪ, ದಾರಿಯುದ್ದಕ್ಕೂ ಅದೇ ಮಂತ್ರ ಹೇಳಬ್ಯಾಡ" ಅನ್ನುತ್ತಿದ್ದ. ಒಂದು ಹಳ್ಳಿಯ ಮುಂದೆ ಹೆಂಗಸರು ಕೊಡದಲ್ಲಿ ಮಜ್ಜಿಗೆ ಇಟ್ಟುಕೊಂಡು ನಿಂತಿದ್ದರು. ನಾನು ಎರಡು ಲೋಟ ಕುಡಿದೆ. ಅವನು ಬಾಯಿ ಮುಕ್ಕಳಿಸಿ ಉಗಿದ. "ಹೊಟ್ಟೆಗೆ ಹೋದ್ರೆ ಕುಲುಕ್ತೈತೆ" ಅಂದ. ಸಲಹೆ ಕೊಡುವ ನಾನು ಅವನ ಸಲಹೆ ಕೇಳಲಿಲ್ಲ.

ಹಿರಿಯೂರು 7 ಎಂಬ ಕಲ್ಲಿನ ಹತ್ತಿರ ನಮ್ಮ ಮುಂದೆ ಒಬ್ಬನೇ ಉಳಿದಿದ್ದ, ಆ ಹೊಸದುರ್ಗದವನು. ಹೆಚ್ಚು ದೂರವೇನಲ್ಲ, ಕೂಗಿದರೆ ತಿರುಗಿ ನೋಡುವಷ್ಟು. ಬೆನ್ನ ಮೇಲೆ ಮೂಟೆ ಇದ್ದವನ ಹಾಗೆ ಸ್ವಲ್ಪ ಬಗ್ಗಿಕೊಂಡು, ಒಂದೇ ಸಮನೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿದ್ದ. ಅಷ್ಟರಲ್ಲಿ ನನ್ನ ಬಲಗಾಲಿನ ಹಿಮ್ಮಡಿ ಸುಲಿದು ಬೂಟಿನೊಳಗೆ ಒದ್ದೆಯಾಗಿತ್ತು. ಮಜ್ಜಿಗೆ ಪಕ್ಕೆಯಲ್ಲಿ ಚುಚ್ಚುತ್ತಿತ್ತು.

ಐದನೇ ಕಲ್ಲು ಬಂತು. ಬಿಳಿ ಸುಣ್ಣ, ಕಪ್ಪು ಅಕ್ಷರ. ಗೆಳೆಯ ಅದನ್ನು ನೋಡಿದ, ನನ್ನನ್ನು ನೋಡಿದ. ಅವನ ಉಸಿರು ಬೆಳಿಗ್ಗೆ ಹೊರಟಾಗ ಹೇಗಿತ್ತೋ ಹಾಗೇ ಇತ್ತು.

"ಕಲ್ಲು ಬಂತು ಕಣಪ್ಪ" ಅಂದ.

ನಾನು ಹೇಳಬೇಕಾಗಿದ್ದದ್ದು ಒಂದು ಮಾತು. ನನ್ನ ಬಾಯಿಂದ ಬಂದದ್ದು, "ಇನ್ನೊಂದು ಕಲ್ಲು ತಡಿ. ಅವನು ಸುಸ್ತಾಗ್ತಾನೆ."

ಅವನು ಹೆಜ್ಜೆ ತಗ್ಗಿಸಿದ. ನನ್ನ ಭುಜದ ಪಕ್ಕಕ್ಕೆ ಮತ್ತೆ ಬಂದ. ನಾಲ್ಕನೇ ಕಲ್ಲಿಗೆ ಹೊಸದುರ್ಗದವನು ಇನ್ನೂ ದೂರವಾಗಿದ್ದ, ಏಕೆಂದರೆ ನನ್ನ ವೇಗ ಇಳಿದಿತ್ತು. ಅವನ ವೇಗ ಇದ್ದ ಹಾಗೇ ಇತ್ತು. ಗೆಳೆಯ ಈ ಸಲ ಬಾಯಲ್ಲಿ ಕೇಳಲಿಲ್ಲ. ಓಡುತ್ತಲೇ ಬಲಗೈಯನ್ನು ನನ್ನ ಕಡೆ ಚಾಚಿದ, ಅಂಗೈ ಮೇಲೆ ಮಾಡಿ. ಸಂತೆಯಲ್ಲಿ ಕುರಿಗಾರರು ಬಿಡಿಸಿಕೊಳ್ಳುವಾಗ ಹಾಗೆ ಚಾಚುತ್ತಾರೆ. ನಾನು ಆ ಕೈಯನ್ನು ಎಷ್ಟೋ ಸಲ ಎಷ್ಟೋ ಜನರಲ್ಲಿ ನೋಡಿದ್ದೆ, ನೋಡದ ಹಾಗೆ ನಟಿಸುವುದೂ ಕಲಿತಿದ್ದೆ.

"ಇನ್ನೊಂದೇ ಒಂದು" ಅಂದೆ. "ನೀನು ಹೋದ್ರೆ ನಾನು ಇಲ್ಲೇ ಬೀಳ್ತೀನಿ ಕಣೋ. ಸ್ವಲ್ಪ ದೂರ ಎಳ್ಕೊಂಡು ಹೋಗು."

ಅವನು ಹೋಗಬಹುದಿತ್ತು. ಮೇಷ್ಟ್ರ ಕಾಗದದಲ್ಲಿ ಇಂಥದೊಂದು ನಿಯಮ ಎಲ್ಲೂ ಇರಲಿಲ್ಲ. ಹಿಂದಿನ ಲಾರಿಯಲ್ಲಿದ್ದವರಿಗೆ ಗೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಬೇರೆ ಯಾರಾಗಿದ್ದರೂ ಹೋಗುತ್ತಿದ್ದರು. ಆದರೆ ಟವೆಲಿನ ಅಡಿಯಲ್ಲಿ ಕೈ ಅದುಮಿದ ಕುರಿಗಾರ ಹೋಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡು ನಾನು ಓಡುತ್ತಿದ್ದೆ.

ಮೂರನೇ ಕಲ್ಲು ದಾಟಿದಾಗ ಹಿಂದಿನಿಂದ ಒಬ್ಬ ನಮ್ಮನ್ನು ದಾಟಿದ. ಇನ್ನೊಬ್ಬನೂ ದಾಟಿದ. ಈ ಎರಡನೆಯವನು, ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಕಾಲೇಜು ಹುಡುಗ, ದಾಟುತ್ತಾ ಗೆಳೆಯನಿಗೆ, "ಯಾಕ್ರೀ, ಯಜಮಾನ್ರನ್ನ ಮಂದೆ ಸೇರಿಸೋಕೆ ಹೊಂಟೀರಾ?" ಅಂದ. ಗೆಳೆಯ ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡುತ್ತಲೇ ಇದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಎರಡನೇ ಕಲ್ಲಿನಲ್ಲಿ ನನ್ನ ಕಾಲು ಮಡಚಿ, ರಸ್ತೆಯ ಪಕ್ಕದ ಮಣ್ಣಿನಲ್ಲಿ ಮಂಡಿಯೂರಿದೆ. ಆಗ ಅಂದೆ, "ಬಿಟ್ಟೆ."

ಅವನು ತಿರುಗಿ ನೋಡಲಿಲ್ಲ. ಆ ಟಗರಿನ ಹಿಂದೆ ಹೋದ ದಿನದ ಹಾಗೆ ಹೋದ.

ಮುಂದಿನದನ್ನು ನಾನು ಕಣ್ಣಿನಿಂದ ನೋಡಲಿಲ್ಲ, ನೋಡಿದವರು ಹೇಳಿದ್ದು. ಊರು ಸೇರುವುದರೊಳಗೆ ಆ ಇಬ್ಬರನ್ನೂ ಹಿಂದೆ ಹಾಕಿದನಂತೆ. ಊರ ಸುತ್ತಿನಲ್ಲಿ ಅಂಗಡಿಯವರು ಅಂಗಡಿ ಬಿಟ್ಟು ಬೀದಿಗೆ ಬಂದರಂತೆ. ಮೈದಾನದ ಗೇಟಿನಲ್ಲಿ ಹೊಸದುರ್ಗದವನ ಬೆನ್ನು ಅವನಿಗೆ ಸಿಕ್ಕಿತು. ಗೆಲುವಿನ ದಾರ ಮುಟ್ಟುವಾಗ ಇಬ್ಬರ ನಡುವೆ ಇದ್ದದ್ದು ಒಂದು ಎತ್ತಿನಗಾಡಿಯಷ್ಟು ಜಾಗ. ಇನ್ನೊಂದು ಫರ್ಲಾಂಗು ಇದ್ದಿದ್ದರೆ ಎಂದು ಆ ಊರಿನವರು ಬಹಳ ದಿನ ಮಾತಾಡಿಕೊಂಡರು. ನಾನು ಅವರ ಮುಂದೆ ಕುಂತು ಟೀ ಕುಡಿಯುತ್ತಾ ತಲೆ ಅಲ್ಲಾಡಿಸಿದ್ದೇನೆ. ಇನ್ನೊಂದು ಫರ್ಲಾಂಗಲ್ಲ, ಮೂರು ಕಲ್ಲುಗಳು ನನ್ನ ಹತ್ತಿರ ಇದ್ದವು.

ನಾನು ಕುಂಟುತ್ತಾ ಹದಿನಾಲ್ಕನೆಯವನಾಗಿ ಬಂದೆ. ಹಾರವಿಲ್ಲ. ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ನೇರವಾಗಿ ಸಾಹೇಬರ ಹತ್ತಿರ ಹೋದೆ. ವ್ಯಾಪಾರ ಕೈತಪ್ಪಿದ ಮೇಲೂ ಮಾತಾಡುವುದು ನನ್ನ ಅಭ್ಯಾಸ. "ಸ್ವಾಮಿ, ಎರಡನೆಯವನು ನಿಜವಾಗಿ ಮೊದಲನೆಯವನು. ಇಬ್ಬರಿಗೂ ಏನಾದರೂ…" ಅಂದೆ. ಸಾಹೇಬರು ನನ್ನ ಕಾಲಿನ ರಕ್ತ ನೋಡಿ, "ಮೊದ್ಲು ಅದನ್ನ ತೊಳ್ಕೊಳ್ಳಯ್ಯ. ಓಟ ಅಂದ್ರೆ ಓಟ. ಇರೋದು ಒಂದೇ ಕೆಲಸ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗೆಳೆಯನನ್ನು ನಾನು ಹೇಗೆ ತಡೆದೆ ಎನ್ನುವುದನ್ನು ಮಾತ್ರ ಅವರಿಗೂ ನಾನು ಹೇಳಲಿಲ್ಲ.

ಅವನ ಹೆಂಡತಿ ಮೈದಾನದ ಬೇಲಿಯ ಹತ್ತಿರ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಗಂಡ ಎರಡನೆಯವನು ಎಂದು ಅವಳಿಗೆ ತಿಳಿದಿತ್ತು. ಕೇಳಿದ್ದು ಒಂದೇ: "ಎಲ್ಲಿ ತಪ್ಪಿದ್ದು?"

ನಾನು ಬೂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಗೆಳೆಯ ಬಾಯಿ ಹಾಕಿದ. "ಎಲ್ಲೂ ತಪ್ಪಿಲ್ಲ. ಆ ಹೊಸದುರ್ಗದೋನು ಬಲು ಗಟ್ಟಿಗ. ನನ್ನ ಕೈಲಿ ಆಗ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಹೌದೇನಣ್ಣ?"

"ಹೌದಮ್ಮ" ಅಂದೆ.

ಅವತ್ತು ಮಧ್ಯಾಹ್ನ ಅವರ ಮಂದೆಯ ಹತ್ತಿರವೇ ಊಟ ಮಾಡಿದೆ. ಅವಳು ಬಿಸಿನೀರಿಗೆ ಅರಿಶಿನ ಹಾಕಿ ತಂದು, "ನೀವೂ ನಮಗೋಸ್ಕರ ಕಾಲು ಸುಲಿಸ್ಕೊಂಡ್ರಿ" ಎಂದು ನನ್ನ ಮುಂದೆ ಇಟ್ಟಳು. ಹಿಮ್ಮಡಿಯನ್ನು ಅದರಲ್ಲಿ ಇಳಿಬಿಟ್ಟು ಕುಳಿತೆ. ಗೆಳೆಯ ಕುರಿಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನಾವುದಿತ್ತು? ನೀರು ಆರುವ ತನಕ ಕುಳಿತೆ, ಹೇಳಲಿಲ್ಲ. ತಪ್ಪು ಮಾಡಿದ ದಿನವೇ ಒಪ್ಪಿಕೊಂಡುಬಿಡಬೇಕು. ಒಂದು ರಾತ್ರಿ ಕಳೆದರೆ ಅದು ಇನ್ನೊಂದು ತಪ್ಪನ್ನು ಜೊತೆ ಮಾಡಿಕೊಳ್ಳುತ್ತದೆ. ಇದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಆಗ ನನಗೆ ಹೇಳುವವರಿರಲಿಲ್ಲ.

ಹೊಸದುರ್ಗದವನು ನೀರುಗಂಟಿಯಾದ. ಕೆಲಸ ಚೆನ್ನಾಗಿಯೇ ಮಾಡಿದ. ಮಾರಿಕಣಿವೆಯ ಬಸ್ಸಿನಲ್ಲಿ ಹೋಗುವಾಗ ಅವನ ಮನೆ ಕಾಣುತ್ತಿತ್ತು. ಮುಂದೆ ಒಂದು ಪರಂಗಿ ಗಿಡ ನೆಟ್ಟಿದ್ದ. ಹಿಂದಿನ ಗೋಡೆಯ ಮೇಲಿನ ಹೆಂಚಿನ ಸಂದಿಯಿಂದ ಅಡುಗೆಯ ಹೊಗೆ ಬರುತ್ತಿತ್ತು. ಒಲೆ ಅಲ್ಲೇ ಇರಬೇಕು ಎಂದುಕೊಳ್ಳುತ್ತಿದ್ದೆ. ಆಮೇಲಾಮೇಲೆ ಆ ಕಡೆಯ ಕಿಟಕಿಯಲ್ಲಿ ಕೂರುವುದು ಬಿಟ್ಟೆ.

ಗೆಳೆಯನ ಕೂಸು ಆ ಬೇಸಿಗೆಯಲ್ಲಿ, ಹೊಳಲ್ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಯಾರದೋ ಕಣದ ಮೂಲೆಯಲ್ಲಿ ಹುಟ್ಟಿತು. ಹೆಣ್ಣು. ಬದುಕಿತು. ಸುದ್ದಿ ಕೇಳಿದ ದಿನ ನಾನು ಸಂತೆಯಲ್ಲೇ ಕೆಳಗೆ ಕುಳಿತುಬಿಟ್ಟೆ. ಬದುಕದೆ ಹೋಗಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಮಳೆಗಾಲ ಕಳೆದು ಅವನು ಹಿರಿಯೂರಿನ ಸಂತೆಗೆ ನಾಲ್ಕು ಕುರಿ ಹೊಡೆದುಕೊಂಡು ಬಂದ. ಮೊದಲಿನ ಹಾಗೆಯೇ ನನ್ನ ಹತ್ತಿರವೇ ಬಂದ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಕೂಸಿನ ಯೋಗಕ್ಷೇಮ ಕೇಳುತ್ತಲೇ ಟವೆಲ್ ತೆಗೆದು ಕೈ ಚಾಚಿದೆ. ಅವನ ಎರಡು ಕೈಯೂ ಕೋಲಿನ ಮೇಲೆ ಇದ್ದವು. ಅಲ್ಲೇ ಇಟ್ಟುಕೊಂಡ.

"ಬಾಯಲ್ಲೇ ಹೇಳಪ್ಪ" ಅಂದ.

"ಜನ ಇದಾರೆ ಕಣೋ."

"ಇರ್ಲಿ ಬಿಡು. ಕೇಳಿಸ್ಕೊಳ್ಳಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆಮೇಲೆ ತಾನೇ ಜೋರಾಗಿ ಬೆಲೆ ಹೇಳಿದ. ಸುತ್ತ ನಿಂತಿದ್ದವರು ನಕ್ಕರು. "ಏನ್ರಪ್ಪ, ಕೈಗೆ ಹುಣ್ಣಾಗೈತಾ ನಿಮಗೆ?" ಅಂದ ಒಬ್ಬ. ನಾನು ಅವನು ಹೇಳಿದ್ದಕ್ಕೇ ಒಪ್ಪಿಕೊಂಡೆ, ಒಂದು ಮಾತೂ ಎಳೆಯಲಿಲ್ಲ. ಅವನ ಮುಖ ಸಣ್ಣದಾಯಿತು. ನಮ್ಮ ಕಸುಬಿನಲ್ಲಿ ಚೌಕಾಸಿ ಮಾಡದೆ ಕೊಳ್ಳುವುದು ಗುರುತಿಲ್ಲದವರು. ಇಬ್ಬರೂ ಆ ದಿನ ಒಬ್ಬರಿಗೊಬ್ಬರು ಗುರುತಿಲ್ಲದವರಾದೆವು.

ಟೀ ಕುಡಿಯುವಾಗ ಧೈರ್ಯ ಮಾಡಿ ಅಂದೆ: "ಅವತ್ತು ಐದನೇ ಕಲ್ಲಿನಲ್ಲೇ ಬಿಡಬೇಕಾಗಿತ್ತು ಕಣೋ ನಾನು."

ಅವನು ಟೀಯನ್ನು ಬಸಿಗೆ ಸುರಿದು ಊದಿದ. "ಕಾಲು ನಂದೇ ಇತ್ತಪ್ಪ" ಅಂದ. "ಕೈ ನಿನ್ನ ಹತ್ರ ಇತ್ತು." ಕುಡಿದು ಮುಗಿಸಿ, ಬಸಿಯನ್ನು ಬೋರಲು ಹಾಕಿ, "ಅವಳಿಗೆ ಮಾತ್ರ ಹೇಳಬ್ಯಾಡ" ಎಂದು ಎದ್ದ.

ಅದಾಗಿ ಎರಡು ಮೂರು ವರ್ಷದ ಮೇಲೆ ನಾನು ಊರಿಗೆ ಹೋಗಿದ್ದಾಗ, ಅವರ ಹಿಂಡು ಬಿ.ದುರ್ಗದ ಹತ್ತಿರ ಒಂದು ಹೊಲದಲ್ಲಿ ಬಿದ್ದಿದೆ ಎಂದು ತಿಳಿಯಿತು. ಅವನ ಮಾತು ಮೀರಿ ಅವಳಿಗೆ ಎಲ್ಲ ಹೇಳಿಬಿಡಬೇಕೆಂದು ನಿರ್ಧಾರ ಮಾಡಿಕೊಂಡೇ ಬೆಳಿಗ್ಗೆ ಹೊರಟೆ. ನಾನು ಹೋಗುವಷ್ಟರಲ್ಲಿ ಅವರು ಹೊರಡುವ ತಯಾರಿಯಲ್ಲಿದ್ದರು. ಅವನು ಕುರಿಗಳನ್ನು ಮುಂದೆ ಹೊಡೆದುಕೊಂಡು ಹೋಗಿಯಾಗಿತ್ತು. ಅವಳು ಕತ್ತೆಯ ಮೇಲೆ ಸಾಮಾನು ಹೇರುತ್ತಿದ್ದಳು. ಮಗಳು ಕಂಬಳಿಯ ಗಂಟಿನ ಮೇಲೆ ಕುಂತು ರೊಟ್ಟಿ ಕಡಿಯುತ್ತಿತ್ತು.

"ಬರ್ರಿ ಅಣ್ಣ, ಕುಂತ್ಕಳ್ರಿ ಅನ್ನಾಕೂ ಏನೂ ಉಳಿಸಿಲ್ಲ, ಎಲ್ಲಾ ಕಟ್ಟಿಬಿಟ್ಟೆ" ಎಂದು ನಕ್ಕಳು.

"ಅಮ್ಮ, ಅವತ್ತಿನ ಓಟದ್ದು ಒಂದು ಮಾತು…" ಎಂದು ಶುರು ಮಾಡಿದೆ.

"ಅಯ್ಯ, ಅದನ್ಯಾಕೆ ನೆನೆಸ್ತೀರಣ್ಣ. ಇವರು ಮಗಳಿಗೂ ಅದನ್ನೇ ಕತೆ ಮಾಡಿ ಹೇಳ್ತಾರೆ. ಹೊಸದುರ್ಗದೋನು ಅಂಥ ಗಟ್ಟಿಗ, ಇಂಥ ಗಟ್ಟಿಗ, ಅಂಥೋನ ಸಮಕ್ಕೆ ಓಡಿ ಎರಡನೇದಕ್ಕೆ ಬಂದೆ ಅಂತ. ಆ ಕೂಸು ದಿನಾ ಕೇಳ್ತೈತೆ."

ಮಗಳ ಕಡೆ ನೋಡಿದೆ. ಬಾಯಿಬಿಟ್ಟರೆ ನಾನು ಹಗುರವಾಗುತ್ತಿದ್ದೆ, ಅವನು ಹೆಂಡತಿ ಮಗಳ ಮುಂದೆ ಸುಳ್ಳನಾಗುತ್ತಿದ್ದ. ಈ ವ್ಯಾಪಾರದಲ್ಲಿ ನನಗೆ ಲಾಭ, ಅವನಿಗೆ ಮತ್ತೆ ನಷ್ಟ.

"ಅಣ್ಣ, ಆ ಕಲ್ಲು ಸ್ವಲ್ಪ ಎತ್ತಿಕೊಡ್ರಿ" ಅಂದಳು.

ಬೂದಿಯ ನಡುವೆ ಒಲೆಯ ಮೂರು ಕಲ್ಲುಗಳಿದ್ದವು. ಎಲ್ಲ ಊರಿನಲ್ಲೂ ಬೆಂಕಿಗೆ ಸಿಡಿಯದ ಕಲ್ಲು ಸಿಗುವುದಿಲ್ಲವೆಂದು ಅವನ್ನು ಜೊತೆಯಲ್ಲೇ ಒಯ್ಯುತ್ತಿದ್ದಳು. ಒಂದೊಂದಾಗಿ ಎತ್ತಿದೆ. ಒಂದು ಕಡೆ ಮಸಿ ಹಿಡಿದು ಕಪ್ಪಾಗಿದ್ದವು, ಇನ್ನೂ ಬಿಸಿಯಾಗಿದ್ದವು. ಹೆಗಲ ಟವೆಲ್ ತೆಗೆದು ಅದರಲ್ಲಿ ಹಿಡಿದುಕೊಂಡು ಹೋಗಿ, ಕತ್ತೆಯ ಚೀಲಕ್ಕೆ ಒಂದೊಂದನ್ನೇ ಇಳಿಸಿದೆ. ಅವಳು ಚೀಲದ ಬಾಯಿ ಕಟ್ಟಿ, ಮಗಳನ್ನು ಮೇಲೆ ಕೂರಿಸಿ, ಹಿಂಡು ಹೋದ ದಿಕ್ಕಿಗೆ ಕತ್ತೆಯನ್ನು ತಿರುಗಿಸಿದಳು.